ಪಿಶಾಚಿಗೆ ಮುತ್ತೈದೆ ಸಾವು

ಸುಧನ್ವ, ಮೈತ್ರಿ, ಮೊನ್ನೆ ನನ್ನ ಟ್ರಂಕಿನ ತಳದಲ್ಲಿ ಸಿಕ್ಕಿದ ಪುಸ್ತಕದ ರಕ್ಷಾಪುಟ ನೋಡಿ ನೀವಿಬ್ಬರೂ ಕಿರುಚಿಕೊಂಡಿರಲ್ಲ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆ ಹೆಂಗಸಿನ ಕೋರೆಹಲ್ಲುಗಳು ಗದ್ದದವರೆಗೂ ಇಳಿದಿವೆ. ಅಷ್ಟುದ್ದದ ಹಲ್ಲಿಟ್ಟುಕೊಂಡು ಅವಳು ಬಾಯಿ ಮುಚ್ಚುವುದು ಹೇಗೆ, ಎರಡು ಮಾತಾಡುವುದು ಹೇಗೆ ಎಂದು ಚಿತ್ರ ಬರೆದವನು ಯೋಚಿಸಿದಂತಿಲ್ಲ. ಅವಳ ಪಕ್ಕದಲ್ಲಿ ಕಪ್ಪು ಕೋಟಿನ ಗಂಡ. ಇಬ್ಬರ ತಲೆಯ ಮೇಲೆ ಒಂದು ಯುದ್ಧವಿಮಾನ, ರೆಕ್ಕೆಗಳನ್ನು ನೋಡಿದರೆ ಹದ್ದು, ಬಾಲ ನೋಡಿದರೆ ಮೀನು. ಅಜ್ಜಿಯ ಟ್ರಂಕಿನಲ್ಲಿ ರೇಷ್ಮೆ ಸೀರೆಯೋ ತಾತನ ಕನ್ನಡಕವೋ ಇರಬೇಕಾದಲ್ಲಿ ರಕ್ತಪಿಶಾಚಿ ದಂಪತಿಗಳೇಕೆ ಮಲಗಿದ್ದಾರೆ ಎಂದು ನೀವು ನಿಮ್ಮಮ್ಮನನ್ನು ಕೇಳಿದಿರಿ. ಅವಳು ನಕ್ಕು ಅಡುಗೆಮನೆಗೆ ಹೋದಳು. ಎದುರು ಕೂತು ಹೇಳುವ ಧೈರ್ಯ ನನಗೆ ಮೊದಲಿಂದಲೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಓದಿದ್ದು ಕುಣಿಗಲ್ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ಏಳೂ ತರಗತಿಗೆ ಒಬ್ಬರೇ ಮೇಷ್ಟರು, ಒಂದೇ ಕೋಣೆ. ಹೀಗಾಗಿ ಒಂದನೆಯ ತರಗತಿಯಲ್ಲೇ ಏಳನೆಯ ತರಗತಿಯ ಪದ್ಯಗಳು ಬಾಯಿಗೆ ಬಂದಿದ್ದವು. ಏಳಕ್ಕೆ ಬರುವ ಹೊತ್ತಿಗೆ ಕಲಿಯಲು ಏನೂ ಉಳಿದಿರಲಿಲ್ಲ. ಆಮೇಲೆ ಮದುವೆಯಾಗಿ ಚಾಮರಾಜಪೇಟೆಗೆ ಬಂದೆ. ನಿಮ್ಮ ತಾತ ಅಲ್ಲೇ ಒಂದು ಮುದ್ರಣಾಲಯದಲ್ಲಿ ಸೀಸದ ಅಚ್ಚುಮೊಳೆಗಳನ್ನು ಅಕ್ಷರ ಅಕ್ಷರವಾಗಿ ಜೋಡಿಸುತ್ತಿದ್ದರು. ಊರಿನವರ ಹೆಸರನ್ನೆಲ್ಲ ಅಚ್ಚಿಗೆ ಜೋಡಿಸಿ ಜೋಡಿಸಿ, ಎದೆಯಲ್ಲಿ ಸೀಸದ ಧೂಳು ತುಂಬಿಕೊಂಡು, ನಿಮ್ಮಮ್ಮ ಗಿರಿಜ ಹತ್ತು ವರ್ಷದವಳಿದ್ದಾಗ ಹೋಗಿಬಿಟ್ಟರು. ಮುದ್ರಣಾಲಯದ ಯಜಮಾನರಾದ ಶೇಷಪ್ಪನವರು ದಯೆ ತೋರಿ, ಕರಡಚ್ಚು ತಿದ್ದುವ ಕೆಲಸವನ್ನು ಮನೆಗೇ ಕಳಿಸತೊಡಗಿದರು. ಮನೆಯಲ್ಲಿ ಮೂವರೇ: ನಾನು, ಗಿರಿಜ, ನನ್ನ ಅತ್ತೆ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಅಂದಿನಿಂದ ಬೆಳಗಿನ ಹೊತ್ತು ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರಿ ಮಗನನ್ನು ಸಾಕಿದವರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಅಭಿಪ್ರಾಯಗಳು ಬರುತ್ತಿದ್ದವು.

ಶೇಷಪ್ಪನವರು ಮದುವೆ ಕರೆಯೋಲೆಗಳ ಜೊತೆಗೆ ಸಿನಿಮಾ ಕಾದಂಬರಿಗಳನ್ನೂ ಅಚ್ಚು ಹಾಕುತ್ತಿದ್ದರು. ಗಾಂಧಿನಗರದ ಯಾರೋ ನಿರ್ಮಾಪಕರು ಒಂದು ಚಿತ್ರ ತೆಗೆಯುವುದು, ಅದು ಬಿಡುಗಡೆಯಾಗುವ ವಾರವೇ ಅದರ ಕಥೆಯನ್ನು ನೂರೈವತ್ತು ಪುಟಕ್ಕೆ ಹಿಗ್ಗಿಸಿ ಪುಸ್ತಕ ಮಾಡಿ ಚಿತ್ರಮಂದಿರದ ಬಾಗಿಲಲ್ಲೂ ಬಸ್ ನಿಲ್ದಾಣದಲ್ಲೂ ಮಾರುವುದು. ಚಿತ್ರ ನೋಡಿದವರು ಪುಸ್ತಕ ಕೊಳ್ಳುತ್ತಾರೆ, ಪುಸ್ತಕ ಓದಿದವರು ಚಿತ್ರ ನೋಡುತ್ತಾರೆ ಎಂಬುದು ಅವರ ನಂಬಿಕೆ. ಒಂದನ್ನು ಕಂಡವರು ಇನ್ನೊಂದರ ಹತ್ತಿರ ಸುಳಿಯದಿರಬಹುದು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಈ ಪುಸ್ತಕಗಳನ್ನೆಲ್ಲ ಬರೆದವರು ಕ್ಯಾಪ್ಟನ್ ಪ್ರಚಂಡ. ಹಾಗೆಂಬ ಕ್ಯಾಪ್ಟನ್ ಯಾವ ಸೈನ್ಯದಲ್ಲೂ ಇರಲಿಲ್ಲ. ಆ ಹೆಸರಿನಲ್ಲಿ ಬರೆಯುತ್ತಿದ್ದವರು ಬಲು ಮೆತ್ತಗಿನ ಒಬ್ಬ ನಿವೃತ್ತ ಗುಮಾಸ್ತರು. ಜಿರಳೆ ಕಂಡರೆ ಕುರ್ಚಿ ಹತ್ತುತ್ತಿದ್ದರೆಂದು ಕೇಳಿದ್ದೇನೆ.

ಎಪ್ಪತ್ತೊಂದರ ಯುದ್ಧ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಆ ಗುಮಾಸ್ತರಿಗೆ ಕಾಮಾಲೆಯಾಯಿತು, ಅದೇ ಹೊತ್ತಿಗೆ ಈ ರಕ್ತಪಿಶಾಚಿಗಳ ಚಿತ್ರದ ಕೆಲಸ ಬಂತು. ಶೇಷಪ್ಪನವರು ನಮ್ಮ ಜಗುಲಿಗೆ ಬಂದು ಕೂತರು. ನಾನು ಎಂದಿನಂತೆ ಬಾಗಿಲ ಹಿಂದೆ ನಿಂತೆ. ಕರಡು ತಿದ್ದುವಾಗ ನಾನು ಅಲ್ಲಲ್ಲಿ ಕದ್ದು ಸೇರಿಸುತ್ತಿದ್ದ ವಾಕ್ಯಗಳು ತಮಗೆ ಗೊತ್ತಾಗಿವೆ ಎಂದೂ, ಅವು ಕ್ಯಾಪ್ಟನ್ನರ ವಾಕ್ಯಗಳಿಗಿಂತ ವಾಸಿ ಎಂದೂ ಹೇಳಿ ನನ್ನ ಜೀವ ಹೋಗುವಂತೆ ಮಾಡಿದರು. ಆಮೇಲೆ ಇದೊಂದು ಪುಸ್ತಕ ನೀವೇ ಬರೆದುಕೊಡಿ ಎಂದರು.

"ಈಗ ಹೆಂಗಸರು ಬರೆದ ಕಾದಂಬರಿಗಳೇ ಓಡೋದು ಕಣಮ್ಮ. ಕ್ಯಾಪ್ಟನ್ ಬೇಡ. ರಕ್ಷಾಪುಟದ ಮೇಲೆ ನಿಮ್ಮ ಹೆಸರೇ ಹಾಕ್ತೀನಿ."

ಈ ಮಾತಿಗೆ ನಾನು ಸೋತೆ. ನನ್ನ ಹೆಸರು ಅಚ್ಚಿನಲ್ಲಿ ಬಂದದ್ದು ಅದುವರೆಗೆ ಒಂದೇ ಸಲ, ನಮ್ಮ ಮದುವೆಯ ಕರೆಯೋಲೆಯಲ್ಲಿ. ಅದನ್ನು ಜೋಡಿಸಿದವರು ಮದುಮಗನೇ. ಆಮೇಲೆ ನಾನು ಬೀದಿಯವರಿಗೆ ಗಿರಿಜನ ಅಮ್ಮ, ಅಂಗಡಿಯವರಿಗೆ ಸೊಪ್ಪಿನಜ್ಜಿಯ ಸೊಸೆ. ಪುಸ್ತಕದ ಮೇಲೆ ಇನ್ನೊಮ್ಮೆ ನನ್ನ ಹೆಸರು ಕಾಣಬೇಕೆಂಬ ಆಸೆ ಎಷ್ಟು ಗಟ್ಟಿಯಾಗಿ ಹಿಡಿಯಿತೆಂದರೆ, ಅದು ಪಿಶಾಚಿಗಳ ಪುಸ್ತಕ ಎಂಬುದು ಸಣ್ಣ ಸಂಗತಿಯಾಗಿ ತೋರಿತು.

ಚಿತ್ರ ಇನ್ನೂ ಬಿಡುಗಡೆಯಾಗಿರಲಿಲ್ಲ. ಆಗಿದ್ದರೂ ನಾನು ಹೋಗುತ್ತಿರಲಿಲ್ಲ. ಗಂಡನಿಲ್ಲದವಳು ಸಿನಿಮಾ ಸಾಲಿನಲ್ಲಿ ನಿಂತರೆ ನಮ್ಮ ಬೀದಿಯವರಿಗೆ ಒಂದು ತಿಂಗಳು ಬೇರೆ ಸಿನಿಮಾ ಬೇಕಾಗುತ್ತಿರಲಿಲ್ಲ. ನನಗೆ ಕೊಟ್ಟದ್ದು ಎರಡು ಪುಟದ ಕಥಾಸಾರ, ಹಾಡಿನ ಪುಸ್ತಕಕ್ಕೆಂದು ಬರೆದದ್ದು. ಯುದ್ಧಕಾಲ. ವಿಮಾನದಾಳಿಗೆ ಹೆದರಿ ಊರೆಲ್ಲ ದೀಪ ಆರಿಸಿ, ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದೆ. ಬಿಸಿಲು ತಾಗಿದರೆ ಬೂದಿಯಾಗುವ ಪಿಶಾಚಿ ಗಂಡಹೆಂಡಿರಿಗೆ ಇದಕ್ಕಿಂತ ಸುಭಿಕ್ಷ ಕಾಲ ಬೇರೆಯಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ವಿಪರೀತ ಪ್ರೀತಿಸುತ್ತಾರೆ, ರಜೆಗೆ ಬಂದ ಸೈನಿಕರನ್ನು ಊಟಕ್ಕೆ ಕರೆದು ತಾವು ಊಟ ಮಾಡುತ್ತಾರೆ. ಅದು ಸಾಲದೆಂದು ಶತ್ರುದೇಶಕ್ಕೆ ಗೂಢಚಾರಿಕೆ ಬೇರೆ. ರಕ್ತ ಕುಡಿಯುವುದೊಂದೇ ಆದರೆ ಪ್ರೇಕ್ಷಕರು ಕ್ಷಮಿಸಿಬಿಡಬಹುದೆಂಬ ಭಯ ನಿರ್ಮಾಪಕರಿಗೆ ಇದ್ದಿರಬೇಕು. ಕೊನೆಗೆ ಸೈನ್ಯಾಧಿಕಾರಿ ನಾಯಕ ಗೂಟ ಹಿಡಿದು ಅವರ ಬಂಗಲೆಗೆ ನುಗ್ಗುತ್ತಾನೆ. ಅಲ್ಲಿಗೆ ಕಥಾಸಾರ ಹೀಗೆ ಮುಗಿಯುತ್ತಿತ್ತು: ಗೂಟ ನಾಟಿದ್ದು ಯಾರ ಎದೆಗೆ? ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ.

ಹಾಡಿನ ಪುಸ್ತಕಗಳ ಪದ್ಧತಿಯೇ ಅದು. ಕೊನೆ ಹೇಳಿಬಿಟ್ಟರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಬೇರೆ ಯಾರಾದರೂ ಆಗಿದ್ದರೆ ಮುದ್ರಣಾಲಯಕ್ಕೆ ಹೋಗಿ ಕೊನೆ ಏನೆಂದು ಕೇಳುತ್ತಿದ್ದರು. ನನಗೆ ಗಂಡಸರ ಎದುರು ನಿಂತು ಗೂಟ ಯಾರ ಎದೆಗೆ ಹೋಯಿತು ಎಂದು ಕೇಳಲು ನಾಚಿಕೆ. ನಾಚಿಕೆ ಪಟ್ಟುಕೊಂಡೇ ನೂರಮೂವತ್ತು ಪುಟ ಬರೆದೆ.

ಮಧ್ಯಾಹ್ನ ಅತ್ತೆ ಬಜಾರಿನಿಂದ ಬಂದು ಉಳಿದ ಸೊಪ್ಪು ಬಿಡಿಸುತ್ತಾ ಕೂತಾಗ ಅವರಿಗೆ ಓದಿ ಹೇಳುತ್ತಿದ್ದೆ. ಮೊದಲ ದಿನ ರಾಮ ರಾಮ ಎಂದರು. ನಾಲ್ಕನೆಯ ದಿನ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ ಎಂದರು. ಆ ಬಂಗಲೆಯಲ್ಲಿ ಅತ್ತೆ ಇಲ್ಲದಿರುವುದರಿಂದಲೇ ಗಂಡಹೆಂಡಿರು ಅಷ್ಟು ಅನ್ಯೋನ್ಯವಾಗಿದ್ದಾರೆ ಎಂದು ನನ್ನ ಮುಖ ನೋಡದೆ ಹೇಳಿದರು. ಪಿಶಾಚಿಗಳ ಸಂಸಾರ ನಾನು ಕಂಡವಳಲ್ಲ. ಕಂಡ ಒಂದೇ ಸಂಸಾರವನ್ನು ಅವರಿಗೆ ಕೊಟ್ಟೆ. ನಿಮ್ಮ ತಾತ ನನಗಾಗಿ ಲೋಟದಲ್ಲಿ ಅರ್ಧ ಕಾಫಿ ಉಳಿಸುತ್ತಿದ್ದಂತೆ ಆ ದುಷ್ಟನೂ ಪ್ರತಿಯೊಬ್ಬ ಸೈನಿಕನಲ್ಲಿ ಹೆಂಡತಿಗೆಂದು ಅರ್ಧ ಉಳಿಸುತ್ತಿದ್ದ.

ಕೊನೆಯ ಅಧ್ಯಾಯಕ್ಕೆ ಬಂದು ನಿಂತೆ. ಗೂಟ ಒಂದು, ಎದೆ ಎರಡು. ಅತ್ತೆಯ ಸಲಹೆ ಕೇಳಿದೆ. ಹೆಂಡತಿಯನ್ನು ಕೊಂದರೆ ಆ ಗಂಡಸು ವರ್ಷ ತುಂಬುವ ಮೊದಲೇ ಇನ್ನೊಂದು ಪಿಶಾಚಿಯನ್ನು ಕಟ್ಟಿಕೊಳ್ಳುತ್ತಾನೆ ಎಂದರು. ಗಂಡನನ್ನು ಕೊಂದರೆ? ಅತ್ತೆ ದಂಟಿನ ಸೊಪ್ಪಿನ ನಾರು ತೆಗೆಯುತ್ತಲೇ ಇದ್ದರು.

ನಾನು ಗೂಟವನ್ನು ಕೈಬಿಟ್ಟೆ. ನನ್ನ ಪುಸ್ತಕದಲ್ಲಿ ನಾಯಕ ಬಂಗಲೆಗೆ ನುಗ್ಗುವ ಬೆಳಿಗ್ಗೆಯೇ ಯುದ್ಧ ಮುಗಿಯುತ್ತದೆ. ಬೀದಿಬೀದಿಯಲ್ಲಿ ಜನ ಕಿಟಕಿಗಳ ಕಂದು ಕಾಗದ ಹರಿದು ಹಾಕುತ್ತಾರೆ. ಸಂತೋಷ ತಾಳಲಾರದೆ ಬಂಗಲೆಯ ಕಿಟಕಿಗಳದ್ದನ್ನೂ ಹೊರಗಿನಿಂದ ಹರಿಯುತ್ತಾರೆ. ಅವಿತುಕೊಳ್ಳಲು ಒಂದು ಮೂಲೆಯೂ ಉಳಿಯುವುದಿಲ್ಲ. ಕುಡಿದ ರಕ್ತಕ್ಕೆಲ್ಲ ಲೆಕ್ಕ ಕೊಡುವ ಹೊತ್ತು ಬಂತೆಂದು ಇಬ್ಬರಿಗೂ ಗೊತ್ತಾಗುತ್ತದೆ. ಅವನು ಹೆಂಡತಿಯ ಹಣೆಗೆ ಕುಂಕುಮವಿಡುತ್ತಾನೆ. ಪಿಶಾಚಿಗಳಿಗೆ ಕುಂಕುಮ ಆಗುತ್ತದೆಯೇ ಎಂದು ಕೇಳಬೇಡಿ. ಕೆಂಪಗಿರುವುದರಿಂದ ಅವರ ಅಭ್ಯಂತರ ಇರಲಾರದು. ಮಂಚದ ಮೇಲೆ ಪಕ್ಕಪಕ್ಕ ಕೂತು ಬಿಸಿಲಿಗಾಗಿ ಕಾಯುತ್ತಾರೆ. ಬಿಸಿಲು ಬರುತ್ತದೆ.

ಹಸ್ತಪ್ರತಿ ಹೋಯಿತು. ಚಿತ್ರದ ಬಿಡುಗಡೆಗೆ ಎರಡು ದಿನವಿದ್ದಾಗ ಶೇಷಪ್ಪನವರು ಬೆವರುತ್ತಾ ಬಂದರು. ಕೊನೆಯ ಹದಿನಾರು ಪುಟ ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿತ್ತು. ಆ ಹದಿನಾರಕ್ಕೆ ಮೊಳೆ ಜೋಡಿಸಿ ಆಗಿತ್ತು. ಆಗಷ್ಟೇ ಓದಿದ್ದರಂತೆ.

"ನಮ್ಮ ಹೀರೋ ಏನ್ಮಾಡ್ತಿದಾನಮ್ಮ ಇಲ್ಲಿ?" ಎಂದರು.

ಬಾಗಿಲಲ್ಲಿ ನಿಂತಿದ್ದಾನೆ ಎಂದೆ, ನಾನೂ ಬಾಗಿಲ ಹಿಂದೆ ನಿಂತು.

ಅವರು ಹಣೆ ಒರೆಸಿಕೊಂಡು ಚಿತ್ರದ ನಿಜವಾದ ಕೊನೆ ಹೇಳಿದರು. "ಗೂಟ ಬೀಳೋದು ಗಂಡನಿಗೆ. ಅವ್ನು ಸಾಯ್ತಿದ್ದಂಗೆ ಹೆಂಡ್ತಿ ಬಳೆ ಒಡ್ಕೊಂಡು, ಬಿಳೀ ಸೀರೆ ಉಟ್ಕೊಂಡು, ಸಾಧ್ವಿ ಆಗ್ಬಿಡ್ತಾಳೆ. ಕೋರೆಹಲ್ಲು ತಾನಾಗೇ ಉದುರ್ತದೆ. ಮಿಲಿಟರಿ ಆಸ್ಪತ್ರೇಲಿ ಗಾಯಾಳುಗಳ ಸೇವೆ ಮಾಡ್ತಾ ಇರ್ತಾಳೆ, ಹಾಡು ಬರ್ತದೆ, ಮುಗೀತು. ಇವತ್ತು ಸಂಜೆ ಒಳಗೆ ಹಂಗೆ ಬರ್ಕೊಟ್ಬಿಡಿ."

ನಿನ್ನೆಯವರೆಗೆ ರಕ್ತ ಕುಡಿಯುತ್ತಿದ್ದವಳನ್ನು ಗಾಯಾಳುಗಳ ನಡುವೆ ಬಿಡಲು ಎಂಥ ನಂಬಿಕೆ ಬೇಕು ನೋಡಿ. ಅಷ್ಟು ನಂಬಿಕೆ ಬರಲು ಅವಳು ಮಾಡಿದ್ದಾದರೂ ಏನು? ಗಂಡನನ್ನು ಕಳೆದುಕೊಂಡದ್ದು, ಅಷ್ಟೇ. ಒಳಗೆ ಸೊಪ್ಪು ಬಿಡಿಸುತ್ತಿದ್ದ ಅತ್ತೆಯ ದನಿ ಬಂತು.

"ಗಂಡ ಸತ್ತ ಮಾರನೇ ದಿನಕ್ಕೆ ಹೆಂಗ್ಸು ಒಳ್ಳೇವ್ಳಾಗ್ಬಿಡ್ತಾಳಾ ಸ್ವಾಮಿ? ಹಂಗಿದ್ದಿದ್ರೆ ನಲವತ್ತು ವರ್ಷದಿಂದ ನಾನು ದೇವ್ರಾಗಿ ಕೂತಿರ್ಬೇಕಿತ್ತು. ಕೊತ್ತಂಬ್ರಿ ಯಾಕ್ ಮಾರ್ತಿದ್ದೆ?"

ಶೇಷಪ್ಪನವರು ನಕ್ಕರು. ನನಗೆ ನಗು ಬರಲಿಲ್ಲ. ಆ ಬಿಳಿ ಸೀರೆಯವಳನ್ನು ನಾನು ಬಲ್ಲೆ ಎನ್ನಿಸಿತು. ನಿಮ್ಮ ತಾತ ಇದ್ದಾಗ ನಾನು ಹೇಗಿದ್ದೇನೆಂದು ಬೀದಿಯಲ್ಲಿ ಯಾರೂ ಗಮನಿಸಿರಲಿಲ್ಲ. ಅವರು ಹೋದ ಮೇಲೆ ಎಲ್ಲರಿಗೂ ನನ್ನ ಸದ್ಗುಣಗಳು ಕಾಣತೊಡಗಿದವು. ಮೆಲ್ಲಗೆ ಮಾತಾಡುತ್ತಾಳೆ, ತಲೆ ಎತ್ತುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ ಎಂದು ಹೊಗಳಿದರು. ನಾನು ಹುಟ್ಟಿದಾಗಿನಿಂದ ಮೆಲ್ಲಗೇ ಮಾತಾಡುತ್ತಿದ್ದೆ, ಕಣ್ರೋ. ನನ್ನ ನಾಚಿಕೆಯನ್ನು ಅವರು ನನ್ನ ದುಃಖದ ಪುಣ್ಯಫಲವೆಂದು ತಿಳಿದರು. ತಿಳಿದು, ಇನ್ನು ಇವಳಿಗೆ ಏನೂ ಬೇಕಾಗಿಲ್ಲವೆಂದು ತೀರ್ಮಾನಿಸಿದರು. ಹೊಗಳಿಕೆ ಕೇಳಿ ಕೇಳಿ ಒಂದು ಕೊಬ್ಬರಿ ಮಿಠಾಯಿ ತಿನ್ನಬೇಕೆನ್ನಿಸಿದರೂ ಬಾಗಿಲು ಹಾಕಿಕೊಂಡು ತಿನ್ನುವಂತಾಗಿತ್ತು.

ಅಂದು ನಾನು ಬಾಗಿಲ ಹಿಂದಿನಿಂದ ಜಗುಲಿಗೆ ಬಂದೆ.

"ಸಾರ್, ಅವಳಿಗೆ ಯಾವ ಶಿಕ್ಷೆ ಬೇಕಾದ್ರೂ ಬರ್ಕೊಡ್ತೀನಿ. ಗಂಡ ಸತ್ತಿದ್ದಕ್ಕೆ ಒಳ್ಳೆಯವಳಾದ್ಲು ಅಂತ ಮಾತ್ರ ಬರೆಯಲ್ಲ."

ಬೇರೆಯವರಿಂದ ಬರೆಸಿ, ಆಮೇಲೆ ಹೊಸದಾಗಿ ಮೊಳೆ ಜೋಡಿಸಲು ಸಮಯವಿಲ್ಲ ಎಂಬುದು ಶೇಷಪ್ಪನವರಿಗೂ ಗೊತ್ತಿತ್ತು, ಮೊಳೆ ಜೋಡಿಸುವವನ ಹೆಂಡತಿಯಾಗಿ ನನಗೂ ಗೊತ್ತಿತ್ತು. ಕೊನೆಗೆ ಒಂದು ದಾರಿ ಹೇಳಿದರು. ಈ ಕೊನೆ ಕಂಡರೆ ನಿರ್ಮಾಪಕರು ಜಗಳಕ್ಕೆ ಬರುತ್ತಾರೆ. ಪುಸ್ತಕದ ಮೇಲೆ ನನ್ನ ಹೆಸರಿದ್ದರೆ ನೇರ ನನ್ನ ಮನೆಗೇ ಬರುತ್ತಾರೆ.

"ಕ್ಯಾಪ್ಟನ್ ಹೆಸರಾದ್ರೆ ತೊಂದ್ರೆ ಇಲ್ಲ. ಗಡೀಲಿದಾರೆ, ಬಂದ್ಮೇಲೆ ಕೇಳ್ತೀನಿ ಅಂತೀನಿ. ನಿಮ್ಮ ಹೆಸರು ಬೇಕಾ, ನಿಮ್ಮ ಕೊನೆ ಬೇಕಾ? ಎರಡೂ ಆಗಲ್ಲ ಕಣಮ್ಮ."

ರಕ್ಷಾಪುಟದ ಕರಡು ಅವರ ಕೈಯಲ್ಲೇ ಇತ್ತು. ಹಲ್ಲಿನ ಹೆಂಗಸಿನ ಕಾಲ ಬಳಿ, ದಪ್ಪ ಅಕ್ಷರಗಳಲ್ಲಿ, ನಾನು. ಓದಿದೆ. ಇನ್ನೊಮ್ಮೆ ಓದಿದೆ. ಮೊಳೆಗಳು ಚೆನ್ನಾಗಿ ಕೂತಿದ್ದವು.

"ಕ್ಯಾಪ್ಟನ್ ಹೆಸರೇ ಹಾಕಿ," ಎಂದು ಒಳಗೆ ಹೋದೆ.

ನಿರ್ಮಾಪಕರು ಜಗಳಕ್ಕೆ ಬರಲೇ ಇಲ್ಲ. ಅವರು ಪುಸ್ತಕ ಓದುವವರೇ ಅಲ್ಲ ಎಂದು ಆಮೇಲೆ ತಿಳಿಯಿತು. ಚಿತ್ರ ಒಂದು ವಾರ ಓಡಿತು. ಗೆಳತಿಯರ ಜೊತೆ ಹೋಗಿ ಬಂದ ನಿಮ್ಮಮ್ಮ, ಹಲ್ಲು ಉದುರುವಾಗ ಜನ ಶಿಳ್ಳೆ ಹಾಕಿದರೆಂದು ಹೇಳಿದಳು. ಪುಸ್ತಕ ಮಾತ್ರ ಬಸ್ ನಿಲ್ದಾಣಗಳಲ್ಲಿ ಬಹಳ ದಿನ ಮಾರಾಟವಾಯಿತು. ಕ್ಯಾಪ್ಟನ್ನರಿಗೆ ಬಂದ ಪತ್ರಗಳನ್ನು ಶೇಷಪ್ಪನವರು ನನಗೇ ಕಳಿಸುತ್ತಿದ್ದರು. ಎಷ್ಟು ಶತ್ರುಗಳನ್ನು ಕೊಂದಿದ್ದೀರಿ, ಮೀಸೆಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳುವವರೇ ಹೆಚ್ಚು. ಹರಳೆಣ್ಣೆ ಎಂದು ಉತ್ತರಿಸಿದ್ದೇನೆ. ಒಂದು ಪತ್ರ ಮಲ್ಲೇಶ್ವರದಿಂದ, ಹೆಂಗಸಿನ ಅಕ್ಷರದಲ್ಲಿ ಬಂತು. ತನ್ನ ಗಂಡ ಯುದ್ಧದಿಂದ ಹಿಂದಿರುಗಲಿಲ್ಲವೆಂದೂ, ಅಂದಿನಿಂದ ಎಲ್ಲರೂ ತನ್ನನ್ನು ದೇವತೆ ಎನ್ನುತ್ತಾರೆಂದೂ, ಆ ಪಿಶಾಚಿಗೆ ಅಂಥ ಕಷ್ಟ ಕೊಡದಿದ್ದದ್ದಕ್ಕೆ ವಂದನೆಗಳೆಂದೂ ಬರೆದು, ಗಂಡಸಾದ ನಿಮಗೆ ಇದು ಹೇಗೆ ತಿಳಿಯಿತು ಎಂದು ಕೇಳಿದ್ದಳು. ಉತ್ತರ ಬರೆದೆ. ಕೆಳಗೆ ನನ್ನ ಹೆಸರು ಬರೆಯಲು ಹೋದೆ. ಬರೆದವಳು ನಾನೆಂದು ಯಾರಿಗೂ ಹೇಳುವುದಿಲ್ಲವೆಂದು ಶೇಷಪ್ಪನವರಿಗೆ ಕೊಟ್ಟ ಮಾತು ನೆನಪಾಗಿ, ಇಂತಿ ತಮ್ಮ ವಿಶ್ವಾಸಿ, ಕ್ಯಾಪ್ಟನ್ ಪ್ರಚಂಡ ಎಂದು ರುಜು ಹಾಕಿದೆ. ಆ ಒಂದು ಸುಳ್ಳು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವಳಿಗೆ ನಿಜ ತಿಳಿಯಬೇಕಿತ್ತು.

ಇದಿಷ್ಟು. ನೀವು ದೊಡ್ಡವರಾಗಿ ಒಳ್ಳೊಳ್ಳೆಯ ಪುಸ್ತಕಗಳನ್ನು ಓದಿದ ಮೇಲೆ, ಈ ಪುಸ್ತಕ ಎಷ್ಟು ಕಳಪೆ ಎಂದು ನಿಮಗೇ ತಿಳಿಯುತ್ತದೆ. ನನಗೆ ಆಗಲೇ ತಿಳಿದಿತ್ತು. ಆದರೂ ಎಸೆಯಬೇಡಿ. ಈ ಹಾಳೆಗಳನ್ನು ಮಡಿಚಿ, ಅದರ ಕೊನೆಯ ಹದಿನಾರು ಪುಟಗಳ ನಡುವೆ ಇಟ್ಟು, ಎರಡನ್ನೂ ಒಟ್ಟಿಗೇ ಜೋಪಾನ ಮಾಡಿ. ಯಾರಾದರೂ ಕ್ಯಾಪ್ಟನ್ ಪ್ರಚಂಡ ಯಾರೆಂದು ಕೇಳಿದರೆ ತೆಗೆದು ತೋರಿಸಿ. ಆ ಪುಸ್ತಕವನ್ನು ಬರೆದವಳು ನಾನು, ಪುಟ್ಟತಾಯಮ್ಮ.