ಮೂರನೇ ಮನೆಯವರ ಬೊಗಸೆ

ಹುಣಸೆಹಣ್ಣು ಹಾಕಿ ಹಿತ್ತಾಳೆ ಉಜ್ಜುವಾಗ ಒಂದು ಹುಳಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಈಗಲೂ ನನ್ನ ಕೈ ನಿಂತುಬಿಡುತ್ತದೆ. ಮೊನ್ನೆಯೂ ಹಾಗೇ ಆಯಿತು. ಕಾಲೇಜಿನ ನಾಟಕಕ್ಕೆ ಹಳೇ ತಂಬಿಗೆ ಬೇಕೆಂದು ಮೊಮ್ಮಗಳು ಅಟ್ಟದಿಂದ ಇಳಿಸಿಕೊಂಡು ಬಂದಳು. ಉಜ್ಜಿಕೊಡೋಣವೆಂದು ಕೂತೆ. ಕಪ್ಪು ಬಿಟ್ಟು ಹೊಳಪು ಕಾಣುವಷ್ಟರಲ್ಲಿ ಮೂರನೇ ಮನೆಯವರು ಕಣ್ಣ ಮುಂದೆ ಬಂದು ನಿಂತಿದ್ದರು...

ಎಪ್ಪತ್ತರ ದಶಕ. ನಾನು ಹೊಸದಾಗಿ ಮದುವೆಯಾಗಿ ರಾಜಾಜಿನಗರದ ವಠಾರಕ್ಕೆ ಬಂದಿದ್ದೆ. ನಮ್ಮದು ಎರಡನೇ ಮನೆ, ಅವರದು ಮೂರನೆಯದು. ಹೆಸರು ಹಿಡಿದು ಕರೆಯುವ ಪದ್ಧತಿ ಅಲ್ಲಿರಲಿಲ್ಲ, ಮನೆಯ ನಂಬರೇ ಹೆಸರು. ನಮ್ಮ ಯಜಮಾನರು ಇದ್ದ ಕಾರ್ಖಾನೆಯಲ್ಲೇ ಅವರು ಲೇತ್ ಮೆಷಿನ್ ನಡೆಸುತ್ತಿದ್ದರು. ಹೆಂಡತಿ ಮಾತು ಕಡಿಮೆ, ಐದು ವರ್ಷದ ಮಗಳು ಮಾತಿನ ಮಲ್ಲಿ. ಎಲ್ಲ ಮನೆಗೂ ಅಂಗಳದಲ್ಲಿ ಒಂದೇ ನಲ್ಲಿ. ಆ ಹುಡುಗಿ ನಲ್ಲಿಗೇ ಬಾಯಿ ಹಚ್ಚಿ ಕುಡಿದು ಫ್ರಾಕೆಲ್ಲ ಒದ್ದೆ ಮಾಡಿಕೊಳ್ಳುತ್ತಿತ್ತು. ಬೈಯಲು ಹೋದರೆ ಅವರು ತಡೆಯುತ್ತಿದ್ದರು.

"ಬಿಡಿ ಅಕ್ಕಾ, ಕುಡೀಲಿ. ನಾನು ಬೆಂಗ್ಳೂರಿಗೆ ಬಂದಿದ್ದೇ ಅದಕ್ಕೆ."

ಇದೆಂಥ ಮಾತೋ ಎಂದು ನಗುತ್ತಿದ್ದೆ. ಏನು ಗೊತ್ತಿತ್ತು ನನಗೆ!

ಕಾರ್ಖಾನೆಯವರು ಆ ವರ್ಷ ಹೊಸ ಥರದ ನಾಟಕ ಹಿಡಿದರು. ರಾಜನಿಲ್ಲ, ಹಾಡಿಲ್ಲ, ಪರದೆ ಕೂಡ ಇಲ್ಲ. ಒಬ್ಬ ಊರ ಯಜಮಾನ, ಒಬ್ಬ ಆಳು, ನಡುವೆ ಹಗ್ಗದಲ್ಲಿ ನೇತಾಡುವ ಒಂದು ತಂಬಿಗೆ. ಆಡಿಸುತ್ತಿದ್ದ ಆಫೀಸರು ಎಲ್ಲದಕ್ಕೂ ಅರ್ಥ ಹೇಳುತ್ತಿದ್ದರು. ಹಗ್ಗ ಅಂದರೆ ವ್ಯವಸ್ಥೆಯಂತೆ, ನೀರು ಅಂದರೆ ಸಮಾನತೆಯಂತೆ. ಸಂಕೇತವೆಲ್ಲ ಅವರದು, ತಂಬಿಗೆ ಮಾತ್ರ ನನ್ನದು. ಮೂರನೇ ಮನೆಯವರಿಗೆ ನಾಟಕದ ಹುಚ್ಚು. ಯಜಮಾನನ ಪಾತ್ರ ಕೇಳಿದ್ದರು. ಅದು ಅಕೌಂಟ್ಸಿನ ಬೆಳ್ಳಗಿನ ಗುಮಾಸ್ತರಿಗೆ ಹೋಯಿತು. "ನನ್ನ ಮೈಕಟ್ಟು ನೋಡಿದ್ರೆ ಆಳು ಅಂತ ಹೇಳೋದೇ ಬೇಡ್ವಂತೆ ಅಕ್ಕಾ" ಎಂದು ನಗುತ್ತಲೇ ಹೇಳಿದರು. ಆ ನಗು ನನಗೆ ಅಷ್ಟು ಸರಿ ಕಾಣಲಿಲ್ಲ.

ಪ್ರಾಕ್ಟೀಸೆಲ್ಲ ಖಾಲಿ ತಂಬಿಗೆಯಲ್ಲೇ ನಡೆಯಿತು. ಯಜಮಾನ ಬಗ್ಗಿಸುವುದು, ಆಳು ಕುಡಿದಂತೆ ಮಾಡುವುದು. ಒಂದು ಭಾನುವಾರ ನಮ್ಮ ಅಂಗಳದಲ್ಲೂ ಮಾಡಿ ತೋರಿಸಿದರು. ಮೂರನೇ ಮನೆಯವರು ಕೈಯನ್ನು ಹೇಗೆ ಹೇಗೋ ಬಾಯಿಗೆ ತಂದು, ನೆತ್ತಿಗೇರಿದಂತೆ ಕೆಮ್ಮಿ ಎಲ್ಲರನ್ನೂ ನಗಿಸಿದರು. ಮನೆ ಓನರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾಟಕದ ಸಂಜೆ ಸ್ಕೂಲಿನ ಮೈದಾನದಲ್ಲಿ ಶಾಮಿಯಾನ. ವಠಾರಕ್ಕೆ ವಠಾರವೇ ಹೋಗಿತ್ತು. ಅವತ್ತು ತಂಬಿಗೆಯಲ್ಲಿ ನಿಜವಾದ ನೀರಿತ್ತು. ಗುಮಾಸ್ತರು ಎತ್ತರದಿಂದ ಸುರಿದರು. ಮೂರನೇ ಮನೆಯವರು ದೂರದಲ್ಲೇ ಮಂಡಿಯೂರಿ, ಮೊಣಕೈ ಎತ್ತಿ, ಬೆರಳು ಬಿಗಿದು ಬೊಗಸೆಯನ್ನು ತುಟಿಗೆ ಕೊಟ್ಟರು. ಕಣ್ಣು ನೆಲದಲ್ಲಿ. ಗಟ, ಗಟ, ಗಟ... ಒಂದು ಹನಿಯೂ ಕೆಳಕ್ಕೆ ಬೀಳಲಿಲ್ಲ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಅವರ ಮಗಳು ನನ್ನ ತೊಡೆಯ ಮೇಲೆ ಕುಣಿಯುತ್ತಿತ್ತು. ಪಕ್ಕದಲ್ಲಿ ಓನರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಬೆಳಿಗ್ಗೆ ಅದೇ ಓನರಮ್ಮ ಮೂರನೇ ಮನೆಯ ಬಾಗಿಲಲ್ಲಿ, ಹೊಸ್ತಿಲಿಂದ ಮಾರುದೂರ ನಿಂತಿದ್ದರು. ನಲ್ಲಿ ಮುಟ್ಟಬಾರದು, ತಿಂಗಳಾಗುವಷ್ಟರಲ್ಲಿ ಮನೆ ಬಿಡಬೇಕು. ಆಳುಗಳು ಹಾಗೆ ಕುಡಿಯುವುದನ್ನು ಓನರಮ್ಮ ಚಿಕ್ಕವರಿದ್ದಾಗ ತಮ್ಮ ಊರ ಮನೆಯ ಹಿತ್ತಲಲ್ಲಿ ದಿನಾ ನೋಡಿದ್ದರಂತೆ. ಅಭ್ಯಾಸವಿಲ್ಲದವರಿಗೆ ಅದು ಬರುವುದಿಲ್ಲವಂತೆ.

ನನಗೆ ಮೈಯೆಲ್ಲ ಉರಿದುಹೋಯಿತು. "ನಿನ್ನೆ ಅತ್ತವರು ನೀವೇ ಅಲ್ವಾ?" ಎಂದು ಕೇಳಿಯೇಬಿಟ್ಟೆ.

"ಅತ್ತೆ ಕಣಮ್ಮ, ಕರುಳು ಚುರುಕ್ ಅಂತು. ಹಂಗಂತ? ನಾಟಕ ಬೇರೆ, ನಲ್ಲಿ ಬೇರೆ."

ನಮ್ಮ ಯಜಮಾನರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ನನ್ನ ಬಲವಂತಕ್ಕೆ ಅವರು ಸಮಾನತೆಯ ಆಫೀಸರಿಗೆ ಹೇಳಿ ನೋಡಿದರೆ, ವಠಾರದ ವಿಷಯಕ್ಕೆ ನಾವು ಹೇಗೆ ತಲೆಹಾಕೋದು ಎಂದರಂತೆ. ಥೂ! ಮೂರನೇ ಮನೆಯವರು ಒಮ್ಮೆ ನನ್ನೆದುರು ಕೈ ನೋಡಿಕೊಂಡು, "ನೀರು ಬೀಳ್ತಿದ್ದ ಹಾಗೆ ಕೈ ತಾನಾಗೇ ಹೋಯ್ತು ಅಕ್ಕಾ" ಎಂದರು. ಅಂಗಳದಲ್ಲಿ ನಮ್ಮನ್ನು ನಗಿಸಿದ್ದೇ ಅವರ ನಟನೆ ಎಂಬುದು ನನಗೆ ಆಗ ಹೊಳೆಯಿತು.

ಹೊರಡುವ ದಿನ ತಳ್ಳುಗಾಡಿಗೆ ಸಾಮಾನು ಏರಿಸುವಷ್ಟರಲ್ಲಿ ಬಿಸಿಲು ಏರಿತ್ತು. ಹುಡುಗಿ ನಲ್ಲಿಯನ್ನೇ ನೋಡುತ್ತ ನಿಂತಿತ್ತು, ಹತ್ತಿರ ಹೋಗಲಿಲ್ಲ. ನಾನು ಅದೇ ತಂಬಿಗೆಯಲ್ಲಿ ನೀರು, ಒಂದು ಲೋಟ ತಂದೆ. ಹುಡುಗಿ ಲೋಟ ಮುಟ್ಟಲಿಲ್ಲ. ದೂರ ಸರಿದು ಮಂಡಿಯೂರಿ, ಮೊಣಕೈ ಎತ್ತಿ, ಬೊಗಸೆಯೊಡ್ಡಿ ನಕ್ಕಿತು.

"ಮೇಲಿಂದ ಹಾಕಿ ಆಂಟಿ. ಅಪ್ಪನ ಥರ ಕುಡೀತೀನಿ."

ಮಗಳ ಮೇಲೆ ಎಂದೂ ಕೈ ಮಾಡದ ಮನುಷ್ಯ ಓಡಿ ಬಂದು ಆ ಕೈಗಳ ಮೇಲೆ ಪಟಾರನೆ ಹೊಡೆದರು. ನನ್ನ ಕೈಯಿಂದ ತಂಬಿಗೆ ಕಿತ್ತುಕೊಂಡು ಅದರ ಕಂಠವನ್ನೇ ಅವಳ ಬಾಯಿಗೆ ಹಚ್ಚಿ, "ಹೀಗೆ ಕುಡಿ. ಹೀಗೆ ಕುಡೀಬೇಕು" ಎಂದರು. ಹುಡುಗಿ ಬಿಕ್ಕುತ್ತಲೇ ಕುಡಿಯಿತು. ನೀರು ನೆತ್ತಿಗೇರಿ ಕೆಮ್ಮಿತು. ಅವರು ಕುಡಿಸುತ್ತಲೇ ಇದ್ದರು, ಅಳುತ್ತಲೂ ಇದ್ದರು...

ಕೆಂಗೇರಿಯಿಂದ ಆಚೆ ಎಲ್ಲೋ ಮನೆ ಮಾಡಿದರೆಂದು ಕೇಳಿದೆ. ಮತ್ತೆ ಅವರು ಬಣ್ಣ ಹಚ್ಚಲಿಲ್ಲವಂತೆ. ಈಗ ಇಲ್ಲ, ತೀರಿಕೊಂಡು ವರ್ಷಗಳಾದವು. ಆ ಹುಡುಗಿ ಎಲ್ಲಿದ್ದಾಳೋ, ಅವಳಿಗೂ ಮೊಮ್ಮಕ್ಕಳಿರಬಹುದು.

"ಆಯ್ತಾ ಅಜ್ಜಿ? ಕೊಡಿ" ಎಂದು ಮೊಮ್ಮಗಳು ಕೈ ಚಾಚಿದಳು. "ಸ್ಟೇಜ್ ಮಧ್ಯೆ ನೇತುಹಾಕ್ತಾರೆ. ಸಿಂಬಾಲಿಕ್ ಅಂತೆ."

ತೊಳೆದು, ಒರೆಸಿ, ಮಡಿಲಲ್ಲಿಟ್ಟುಕೊಂಡೆ.

"ಬೇರೆ ತಂದ್ಕೋ ಕಣೇ. ಇದರಲ್ಲಿ ಒಂದು ಮಗು ನೀರು ಕುಡಿದಿದೆ."