ಒರೆಸಿದ ತೀರ್ಥ

ನಮ್ಮ ದುಯಿತಾಮಾ ಊರಿನಲ್ಲಿ ಸೈಕಲ್ಲಿಲ್ಲದ ಮನೆಯಿಲ್ಲ. ಆದರೂ ಪಕ್ಕದ ಮನೆಯ ದರ್ಜಿ ಎವೆಲಿಯೊನದರಂಥ ದೂರಪ್ರಯಾಣದ ಸೈಕಲ್ ಇನ್ನೊಂದಿರಲಿಲ್ಲ. ಉಕ್ಕಿನ ಫ್ರೇಮು, ಚರ್ಮದ ಸೀಟು, ಹಿಂದೆಮುಂದೆ ಕ್ಯಾರಿಯರ್. ಭಾನುವಾರವಿಡೀ ಚೈನು ತಿಕ್ಕಿ ಎಣ್ಣೆ ಬಿಡುವುದು, ಒಂದೊಂದು ಸ್ಪೋಕನ್ನೂ ಮೀಟಿ ನೋಡುವುದು, ಅದೇ ಅವನ ಸುಖ.

ಅವನ ಹೆಂಡತಿ ಒತಿಲಿಯಾಗೆ ಇಬ್ಬರೂ ಸೈಕಲ್ಲಿನಲ್ಲಿ ತೋತಾ ಸರೋವರಕ್ಕೆ ಹೋಗಿಬರುವ ಆಸೆ. ತನ್ನ ಹಳೇ ಸೈಕಲ್ಲಿಗೆ ಬುಟ್ಟಿ ಕಟ್ಟಿ ಕಾದಿದ್ದಳು.

"ಮಳೆ ನಿಲ್ಲಲಿ ಕಣೇ, ಕೆಸರು ಹತ್ತುತ್ತೆ" ಅನ್ನುತ್ತಿದ್ದ ಇವನು. ಕೆಸರಂತೆ ಕೆಸರು!

ಜುಲೈನಲ್ಲಿ ಕಾರ್ಮೆನ್ ಮಾತೆಯ ಹಬ್ಬದ ದಿನ ಪಾದ್ರಿಗಳು ಲಾರಿ, ಬಸ್ಸು, ಸೈಕಲ್ಲುಗಳಿಗೆಲ್ಲ ಪ್ರಯಾಣ ಸುಖವಾಗಲೆಂದು ತೀರ್ಥ ಚಿಮುಕಿಸುತ್ತಾರೆ. ಎವೆಲಿಯೊ ತುಕ್ಕು ಹಿಡಿದೀತೆಂದು ಅಲ್ಲೇ ಜೇಬಿನಿಂದ ಬಟ್ಟೆ ತೆಗೆದು ಸೈಕಲ್ ಒರೆಸುತ್ತಿದ್ದ.

"ಚೆನ್ನಾಗಿ ಒರೆಸ್ರೀ! ಒಂದು ಹನಿ ಉಳಿದ್ರೂ ಅದು ಊರು ಬಿಟ್ಟು ಹೊರಟುಬಿಟ್ಟೀತು" ಎಂದು ಒತಿಲಿಯಾ ಎಲ್ಲರೆದುರೇ ಛೇಡಿಸುತ್ತಿದ್ದಳು.

ಈ ಸಲದ ಹಬ್ಬಕ್ಕೆ ಅವಳಿರಲಿಲ್ಲ; ಮಾರ್ಚ್‌ನಲ್ಲಿ ತೀರಿಕೊಂಡಿದ್ದಳು. ಎವೆಲಿಯೊ ತನ್ನ ಸೈಕಲ್ಲನ್ನು ಮನೆಯಲ್ಲೇ ಬಿಟ್ಟು ಅವಳದನ್ನು ತಳ್ಳಿಕೊಂಡು ಬಂದ. ತೀರ್ಥದ ಹನಿ ಬುಟ್ಟಿಯ ಮೇಲೆಲ್ಲ ಬಿತ್ತು. ಅವನು ಕೈ ಕಟ್ಟಿಕೊಂಡು ನಿಂತೇ ಇದ್ದ.

"ಬಟ್ಟೆ ಎಲ್ಲಯ್ಯಾ, ಮರೆತ್ಯಾ?" ಎಂದೆ.

"ಇದಕ್ಕೆ ಬೇಡ ಕಣಯ್ಯಾ" ಎಂದ. "ಇದು ಯಾವತ್ತೂ ಹೊರಡೋಕೆ ತಯಾರಾಗೇ ಇತ್ತು."