ಪುಣ್ಯಕ್ಕೆ ಸಾಕಿದ ಪೋರ್ಜಿಯಾ

ಪಿಯೆತ್ರಾಸ್ಕುರಾ ಊರಿನ ಲೊರೆತಾಳಿಗೆ ಚರ್ಚಿನ ಕೋಣೆಯಲ್ಲಿ ರಾಶಿಬಿದ್ದ ಹಳೆಯ ಕಾಗದಗಳ ಮೇಲೆ ಭಕ್ತಿಯೇನೂ ಇರಲಿಲ್ಲ. ಇಲಿ ಹಿಕ್ಕೆ, ಬೂಷ್ಟು, ಯಾರು ಯಾರೋ ಎಂಜಲು ಹಚ್ಚಿ ತಿರುವಿದ ಮೂಲೆಗಳು, ಅದರ ಮೇಲೆ ಮೂರು ಶತಮಾನದ ಸುಳ್ಳು. ಮನೆಗೆ ಬಂದೊಡನೆ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡೇ ಹತ್ತು ತಿಂಗಳ ಮಗಳು ನೀವೆಸ್‌ಳನ್ನು ಎತ್ತಿಕೊಳ್ಳುತ್ತಿದ್ದಳು. ಆದರೂ ಆ ಗೀಚುಬರಹ ಓದಬಲ್ಲವಳು ಸುತ್ತ ನಾಲ್ಕೂರಿಗೆ ಅವಳೊಬ್ಬಳೇ. ತಾತ ಮುತ್ತಾತರನ್ನು ಹುಡುಕುವವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು.

ಒಂದು ಪಟ್ಟಿಯನ್ನು ಇನ್ನೊಂದರ ಪಕ್ಕಕ್ಕಿಡದೆ ಅವಳು ನಂಬುತ್ತಿರಲಿಲ್ಲ. ತೆರಿಗೆ ಪಟ್ಟಿಯಲ್ಲಿರುವುದು ಮನೆಯ ಯಜಮಾನ ತಾನೇ ಬರೆಸಿದ ಮಾತು. ಆತ್ಮಗಳ ಪಟ್ಟಿಯಲ್ಲಿರುವುದು ಈಸ್ಟರ್‌ಗೆ ಮುನ್ನ ಪಾದ್ರಿ ಮನೆಮನೆಗೆ ಹೋಗಿ, ಕಣ್ಣಾರೆ ಕಂಡು ಎಣಿಸಿದ ತಲೆಗಳು.

ಆ ಚಳಿಗಾಲ ಎಂಬತ್ತನಾಲ್ಕರ ಜೆರಾರ್ದ ಅಜ್ಜಿ ಬಂದು ಒಣಮೆಣಸಿನ ಸರವೊಂದನ್ನು ಮೇಜಿನ ಮೇಲಿಟ್ಟಳು. ಅವಳ ವಂಶಕ್ಕೆ ಊರಲ್ಲಿ ‘ಬಿದ್ದು ಸಿಕ್ಕವರು’ ಎಂಬ ಅಡ್ಡಹೆಸರು. ವಂಶದ ಮೂಲದ ಪೋರ್ಜಿಯಾ ಬೀದಿಯಲ್ಲಿ ಸಿಕ್ಕ ಕೂಸಂತೆ. ಜಗಳವಾದರೆ ಮೊದಲು ಬೀಳುತ್ತಿದ್ದ ಕಲ್ಲು ಅದೇ.

“ಸಾಯೋದ್ರೊಳಗೆ ಆ ಮಗು ಯಾರದ್ದು ಅಂತ ಹೇಳು ತಾಯಿ. ಕಳ್ಳಂದಾಗ್ಲಿ, ಕುಡುಕಂದಾಗ್ಲಿ. ಒಬ್ಬ ಅಪ್ಪ ಬೇಕು ನಂಗೆ.”

ಮದುವೆ ಪುಸ್ತಕಗಳ ಎಳೆ ಹಿಡಿದು ಲೊರೆತಾ ಪೋರ್ಜಿಯಾವರೆಗೆ ಹೋದಳು. ಮುಂದೆ ೧೭೪೬ರ ತೆರಿಗೆ ಪಟ್ಟಿ. ಅದನ್ನು ಜೋಡಿಸಿರುವುದು ಮನೆತನದ ಹೆಸರಿನಿಂದಲ್ಲ, ಯಜಮಾನನಿಗೆ ಜ್ಞಾನಸ್ನಾನದಲ್ಲಿಟ್ಟ ಹೆಸರಿನಿಂದ. ಪೋರ್ಜಿಯಾ ಯಾರ ಮನೆಯಲ್ಲಿದ್ದಳೋ ಗೊತ್ತಿಲ್ಲ, ಹಾಗಾಗಿ ಇಡೀ ಊರನ್ನೇ ಓದಬೇಕಾಯಿತು. ಕೊನೆಗೆ ವೀತೊ ಲೊಪಾರ್ದೊನ ಪುಟದಲ್ಲಿ ಸಿಕ್ಕಿತು: ‘ಅಣ್ಣ ದೊನಾತೊ ಮಕ್ಕಳಿಲ್ಲದೆ ಸತ್ತ. ಅವನ ದ್ರಾಕ್ಷಿತೋಟ ನನ್ನದು. ಪೋರ್ಜಿಯಾ, ಆರು ವರ್ಷ, ಬೀದಿಯಲ್ಲಿ ಸಿಕ್ಕವಳು. ಪುಣ್ಯಕ್ಕೆ ಸಾಕಿಕೊಂಡಿದ್ದೇನೆ.’

ಅದಕ್ಕೂ ಮೂರು ವರ್ಷ ಹಿಂದಿನ ಆತ್ಮಗಳ ಪಟ್ಟಿ ತೆರೆದಳು. ‘ದೊನಾತೊ ಲೊಪಾರ್ದೊ. ಹೆಂಡತಿ ಆಲ್ತೊಬೆಲ್ಲಾ. ಮಗಳು ಪೋರ್ಜಿಯಾ, ಮೂರು ವರ್ಷ.’ ಅಂಚಿನಲ್ಲಿ ಬೇರೆ ಶಾಯಿ: ‘ಗಂಡ ಹೆಂಡತಿ ಜ್ವರದಲ್ಲಿ ತೀರಿಕೊಂಡರು. ಮಗು ಚಿಕ್ಕಪ್ಪ ವೀತೊನ ಮನೆಗೆ.’

ಲೊರೆತಾ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಳು. ಪುಣ್ಯಕ್ಕೆ ಸಾಕಿದನಂತೆ ವೀತೊ! ತೋಟ ನುಂಗಿದ್ದು ಹಾಗಿರಲಿ, ಆ ಎಳೆಯ ಬಾಯಿಂದ ಅಮ್ಮನ ಹೆಸರನ್ನೂ ಕಿತ್ತುಕೊಂಡಿದ್ದ.

ಊರು ಚಿಕ್ಕದು, ಚರ್ಚಿನ ಗಂಟೆ ಹೊಡೆಯುವವನ ಬಾಯಿ ದೊಡ್ಡದು. ಮರುದಿನವೇ ವೈನ್ ಮಾರುವ ಸಬೀನೊ ಲೊಪಾರ್ದೊ ಬಾಟಲಿ ಹಿಡಿದು ಬಂದ.

“ನೋಡಮ್ಮ ಲೊರೆತಾ, ವೀತೊ ಮುತ್ತಾತನ ಹೆಸರು ನಮ್ಮ ಬಾಟ್ಲಿ ಮೇಲಿದೆ. ಆ ಒಂದ್ ಸಾಲು ಓದಕ್ಕಾಗ್ಲಿಲ್ಲ, ಶಾಯಿ ಹರಡಿತ್ತು ಅಂದ್ಬಿಡು.”

“ಶಾಯಿ ನೆಟ್ಟಗಿದೆ, ಸಬೀನೊ ಯಜಮಾನ್ರೇ. ನಿಮ್ಮ ಮುತ್ತಾತನ ಬುದ್ಧಿನೇ ಸೊಟ್ಟ.”

“ಸಾಕಲಿಲ್ವಾ ನಮ್ಮೋರು? ಹೊರಗೆ ಹಾಕಿದ್ರೆ ತೋಳ ತಿಂತಿತ್ತು.”

“ತೋಳ ಆಗಿದ್ರೆ ಬರೀ ತಿಂತಿತ್ತು. ತಿಂದು ಪುಣ್ಯ ಅಂತ ಬರೆಸ್ತಿರ್ಲಿಲ್ಲ. ಬಾಟ್ಲಿ ಮರೀಬೇಡಿ, ತಗೊಂಡ್ಹೋಗಿ.”

ಅವನು ಹೋದ ಮೇಲೂ ಅವನು ಹಚ್ಚಿಕೊಂಡಿದ್ದ ಸೆಂಟಿನ ವಾಸನೆ ಹೋಗಲಿಲ್ಲ. ಕಿಟಕಿ ತೆರೆದರೆ ಮಗುವಿಗೆ ಚಳಿ. ಅಂಗಿಯ ತೋಳಿನಿಂದಲೇ ಮೂಗು ಮುಚ್ಚಿಕೊಂಡು, ಚರ್ಚಿನಲ್ಲಿ ಗುರುತು ಹಾಕಿಕೊಂಡು ತಂದಿದ್ದ ಎರಡೂ ಪಟ್ಟಿಯ ಸಾಲುಗಳನ್ನು ಒಂದು ಹಾಳೆಗೆ ನಕಲು ಮಾಡಿದಳು. ಭಾನುವಾರ ಜೆರಾರ್ದ ಅಜ್ಜಿಯನ್ನು ಕೂರಿಸಿ ಓದಿ ಹೇಳಿದಳು.

ಅಜ್ಜಿ ಅಳುತ್ತಾಳೆಂದುಕೊಂಡಿದ್ದಳು. ಅಜ್ಜಿ ಉಗಿದಳು.

“ಥೂ! ನಾನು ಲೊಪಾರ್ದೊ ರಕ್ತವಾ? ಆ ಸಬೀನೊ ನಂಗೆ ನೆಂಟನಾ? ಬೀದಿನೇ ವಾಸಿ ಇತ್ತಲ್ಲೇ!”

“ಅಪ್ಪ ಬೇಕು ಅಂದಿದ್ರಿ.”

“ಅಪ್ಪ ಬೇಕು ಅಂದೆ, ಈ ಹೊಲಸು ಗೂಡು ಬೇಕು ಅಂದ್ನಾ? ಕತ್ತರಿ ತಗೊ. ಮನೆತನದ ಹೆಸರು ಕತ್ತರಿಸಿ ಮಿಕ್ಕಿದ್ದು ಕೊಡು.”

“ಕತ್ತರಿಸೋಕಾಗಲ್ಲ ಅಜ್ಜಿ. ವೀತೊ ಮಾಡಿದ್ದೂ ಅದನ್ನೇ.”

ಅಜ್ಜಿ ಕಾಗದವನ್ನು ತನ್ನತ್ತ ಎಳೆದುಕೊಂಡಳು. “ಆ ತಾಯಿ ಹೆಸರು ಏನಂದೆ?”

“ಆಲ್ತೊಬೆಲ್ಲಾ.”

ಹಲ್ಲಿಲ್ಲದ ಬಾಯಲ್ಲಿ ಅದನ್ನು ಎರಡು ಮೂರು ಸಲ ಹೇಳಿ ನೋಡಿದಳು. ಆಮೇಲೆ ಕಾಗದವನ್ನು ಹಿಂದಕ್ಕೆ ತಳ್ಳಿದಳು.

“ದೊಡ್ಡಕ್ಷರದಲ್ಲಿ ಬರ್ಕೊಡು. ಸಂತೆ ದಿನ ಅವನ ಅಂಗಡಿ ಮುಂದೆ ನಿಂತು ನಾನೇ ಓದ್ಬೇಕು. ಲೊಪಾರ್ದೊ ಅನ್ನೋದನ್ನೂ ಸೇರಿಸಿ ಬರಿ, ಹಾಳಾಗ್ಲಿ.”

ಲೊರೆತಾ ಹೊಸ ಹಾಳೆ ತೆಗೆದು, ಆಲ್ತೊಬೆಲ್ಲಾಳ ಹೆಸರಿನಿಂದ ಬರೆಯಲಾರಂಭಿಸಿದಳು.